ಪದ ಪರಿಚಯ: ರೆಸಿಮ್ ವೆ ಹೇಕೆಲ್ ಮ್ಯೂಜೆಸಿ

ಟರ್ಕಿ ಭಾಷೆಯಲ್ಲಿ ರೆಸಿಮ್ ಅಂದರೆ ಚಿತ್ರ, ಹೇಕೆಲ್ ಅಂದರೆ ಶಿಲ್ಪ. ಚಿತ್ರ ಮತ್ತು ಶಿಲ್ಪಗಳ ಮ್ಯೂಸಿಯಂ, ಅಷ್ಟೇ. ಟರ್ಕಿಯಲ್ಲಿ ಈ ಹೆಸರಿನ ಸರ್ಕಾರಿ ಮ್ಯೂಸಿಯಂ ಇಸ್ತಾಂಬುಲ್, ಅಂಕಾರಾ, ಇಜ್ಮಿರ್ ಮೂರೂ ಊರುಗಳಲ್ಲಿವೆ. ಟರ್ಕಿ ಅಂದ ಕೂಡಲೇ ಗ್ರೀಕರ, ರೋಮನ್ನರ ಕಾಲದ ಅಮೃತಶಿಲೆಯ ಮೂರ್ತಿಗಳು ನೆನಪಾಗುತ್ತವೆ ಅಲ್ವಾ? ಅವು ಪುರಾತತ್ವ ಮ್ಯೂಸಿಯಂಗಳಲ್ಲಿ ಸಿಗುತ್ತವೆ. ಇಲ್ಲಿರುವುದು ಜಾಸ್ತಿ 19 ಮತ್ತು 20ನೇ ಶತಮಾನದ ಟರ್ಕಿ ಕಲಾವಿದರ ಕೆಲಸ.

ಹಾಗಂತ ಅಲ್ಲಿನ ಕಲೆಯೇ ಇತ್ತೀಚಿನದು ಅನ್ನುವಂತಿಲ್ಲ. ಪುಸ್ತಕದ ಪುಟಗಳಲ್ಲಿ ಬಿಡಿಸುವ ಪುಟ್ಟ ಚಿತ್ರ, ಅಂದದ ಕೈಬರಹ, ಗೋಡೆಗೆ ಹಚ್ಚುವ ಬಣ್ಣದ ಟೈಲ್ಸ್ ಇವೆಲ್ಲ ಒಟ್ಟೋಮನ್ನರಲ್ಲಿ ಶತಮಾನಗಳಿಂದ ಇದ್ದವು. ಕ್ಯಾನ್ವಾಸ್ ಮೇಲಿನ ತೈಲಚಿತ್ರ ಮಾತ್ರ ತಡವಾಗಿ ಬಂತು. ಅದಕ್ಕೆ ದಾರಿ ಮಾಡಿದ್ದು ಸೈನಿಕ ಶಾಲೆಗಳು! ನಕ್ಷೆ ಬರೆಯಲು, ಕೋಟೆಯ ಚಿತ್ರ ತೆಗೆಯಲು ಅಧಿಕಾರಿಗಳಿಗೆ ಡ್ರಾಯಿಂಗ್ ಕಲಿಸುತ್ತಿದ್ದರು. ಹಾಗೆ ಕಲಿತವರಲ್ಲಿ ಕೆಲವರು ಚಿತ್ರಕಾರರೇ ಆಗಿಬಿಟ್ಟರು. ಪ್ಯಾರಿಸ್‌ನಲ್ಲಿ ಕಲಿತು ಬಂದ ಶೆಕೆರ್ ಅಹ್ಮೆತ್ ಪಾಶಾ ಅಂಥವರಲ್ಲಿ ಒಬ್ಬರು.

ಶಿಲ್ಪದ ಹಾದಿ ಇನ್ನೂ ನಿಧಾನ; ಮೂರ್ತಿ ಅಂದರೆ ಧಾರ್ಮಿಕ ಹಿಂಜರಿಕೆ ಇತ್ತು. 1871ರಲ್ಲಿ ಸುಲ್ತಾನ್ ಅಬ್ದುಲ್ ಅಜೀಜ್ ಕುದುರೆಯೇರಿದ ತನ್ನ ಕಂಚಿನ ಪ್ರತಿಮೆ ಮಾಡಿಸಿಕೊಂಡ. ಆದರೆ ಅದನ್ನು ಊರ ನಡುವೆ ನಿಲ್ಲಿಸಲಿಲ್ಲ, ಅರಮನೆಯೊಳಗೇ ಇಟ್ಟ. 1883ರಲ್ಲಿ ಚಿತ್ರಕಾರ ಒಸ್ಮಾನ್ ಹಮ್ದಿ ಬೇ ಮುಂದಾಳತ್ವದಲ್ಲಿ ಲಲಿತಕಲಾ ಶಾಲೆ ತೆರೆದ ಮೇಲೆ ಶಿಲ್ಪವೂ ಪಾಠವಾಯಿತು. ಕಲಿಸಲು ಬಂದವರು ಅರ್ಮೇನಿಯನ್ ಶಿಲ್ಪಿ ಯೆರ್ವಾಂತ್ ಓಸ್ಗಾನ್. ಇಷ್ಟು ಹಿಂದುಮುಂದು ನೋಡಿದ ನಾಡಿನಲ್ಲಿ ಸರ್ಕಾರವೇ ಮ್ಯೂಸಿಯಂ ಬಾಗಿಲ ಮೇಲೆ 'ಶಿಲ್ಪ' ಎಂದು ಬರೆಸಿದ್ದು ಸಣ್ಣ ಮಾತಲ್ಲ.

ಮೊದಲು ತೆರೆದದ್ದು ಇಸ್ತಾಂಬುಲ್‌ನದು. 1937ರಲ್ಲಿ ಟರ್ಕಿ ಗಣರಾಜ್ಯದ ಸ್ಥಾಪಕ, ಅಧ್ಯಕ್ಷ ಅತಾತುರ್ಕ್ ಆದೇಶದಂತೆ ದೊಲ್ಮಬಾಹ್ಚೆ ಅರಮನೆಯ ಯುವರಾಜನ ನಿವಾಸವನ್ನೇ ಇದಕ್ಕೆ ಬಿಟ್ಟುಕೊಟ್ಟರು. ಈಗ ಅದು ಸಮುದ್ರದಂಚಿನ ಹಳೇ ಸರಕಿನ ಗೋದಾಮಿನ ಜಾಗಕ್ಕೆ ಬಂದಿದೆ.

ಅಂಕಾರಾದ್ದು 1980ರಲ್ಲಿ ಶುರುವಾಯಿತು. ಒಸ್ಮಾನ್ ಹಮ್ದಿ 1908ರಲ್ಲಿ ಬರೆದ 'ಆಯುಧ ವ್ಯಾಪಾರಿ' ಚಿತ್ರ ಇರುವುದು ಅಲ್ಲೇ. ಆದರೂ ನನ್ನ ಕೇಳಿದರೆ ಮೊದಲು ಕಟ್ಟಡ ನೋಡಬೇಕು. ವಾಸ್ತುಶಿಲ್ಪಿ ಆರಿಫ್ ಹಿಕ್ಮೆತ್ ಕೊಯುನೊಗ್ಲು 1920ರ ದಶಕದ ಕೊನೆಯಲ್ಲಿ ಇದನ್ನು ಕಟ್ಟಿದ್ದು 'ತುರ್ಕ್ ಒಜಾಯಿ' ಎಂಬ ರಾಷ್ಟ್ರವಾದಿ ಸಂಘಕ್ಕಾಗಿ. ಪಕ್ಕದ ಜನಾಂಗಶಾಸ್ತ್ರ ಮ್ಯೂಸಿಯಂ ಕೂಡ ಇವರದೇ. ಅತಾತುರ್ಕ್ ದೇಹವನ್ನು 1938ರಿಂದ 1953ರವರೆಗೆ ಇಟ್ಟಿದ್ದು ಆ ಮ್ಯೂಸಿಯಂನಲ್ಲಿ.

ಸುದ್ದಿಯಲ್ಲಿ ಈ ಹೆಸರು ಕಂಡರೆ ಊರು ಯಾವುದೆಂದು ನೋಡಿಕೊಳ್ಳಿ. ಇಸ್ತಾಂಬುಲ್‌ನದು ಮಿಮಾರ್ ಸಿನಾನ್ ಲಲಿತಕಲಾ ವಿಶ್ವವಿದ್ಯಾಲಯದ ಕೈಯಲ್ಲಿದೆ, ಅಂಕಾರಾದ್ದು ಸಂಸ್ಕೃತಿ ಸಚಿವಾಲಯದ ಕೈಯಲ್ಲಿ.