ಸತ್ಯಾಗ್ರಹ ಅಂದರೇನು? ಪ್ರೀತಿಯ ಮಹಾರಾಜರಿಗೂ ‘ಆಗಲ್ಲ’ ಅಂದ ಸೀಮೆಯಿಂದ ಒಂದು ಪದ ಪರಿಚಯ

ಹಾಸನದ ಡಿಸಿ ಕಚೇರಿ ಹತ್ತಿರ ಒಂದಲ್ಲ ಒಂದು ಶಾಮಿಯಾನ ಇದ್ದೇ ಇರುತ್ತದೆ. ಆನೆ ಕಾಟ ತಪ್ಪಿಸಿ ಅಂತ ಸಕಲೇಶಪುರ, ಆಲೂರು ಕಡೆಯ ರೈತರು ಕೂರುತ್ತಾರೆ. ಸಂಬಳ ಬಂದಿಲ್ಲ ಅಂತ ಗುತ್ತಿಗೆ ನೌಕರರು ಕೂರುತ್ತಾರೆ. ಬ್ಯಾನರ್ ಮೇಲೆ ಒಮ್ಮೆ ‘ಧರಣಿ’ ಅಂತ ಇರುತ್ತದೆ, ಇನ್ನೊಮ್ಮೆ ‘ಉಪವಾಸ ಸತ್ಯಾಗ್ರಹ’ ಅಂತ. ಎರಡೂ ಒಂದೇ ಅಂದುಕೊಂಡೇ ನಾವು ಓದಿ ಮುಂದೆ ಹೋಗುತ್ತೇವೆ, ಅಲ್ವಾ? ಒಂದೇ ಅಲ್ಲ.

ಅನ್ಯಾಯ ಅನ್ನಿಸಿದ ಒಂದು ಕಾನೂನನ್ನೋ ಆಜ್ಞೆಯನ್ನೋ ಹಿಡಿದು, ಅದನ್ನು ಎಲ್ಲರ ಕಣ್ಣೆದುರೇ ಮೀರುವುದು. ಯಾರ ಮೇಲೂ ಕೈ ಮಾಡದಿರುವುದು. ಆಮೇಲೆ ಓಡಿಹೋಗದೆ, ಬರುವ ಶಿಕ್ಷೆಯನ್ನು ಅನುಭವಿಸುವುದು. ಈ ಮೂರೂ ಸೇರಿದರೆ ಸತ್ಯಾಗ್ರಹ. ಎರಡನೆಯದನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಮೊದಲನೆಯದೂ ಮೂರನೆಯದೂ ಮರೆತುಹೋಗುತ್ತವೆ. ನನ್ನ ಪ್ರಕಾರ ಅದರ ಜೀವ ಇರುವುದೇ ಆ ಎರಡರಲ್ಲಿ.

ಇದು ಶುರುವಾದದ್ದು ನಮ್ಮ ದೇಶದಲ್ಲಲ್ಲ, ದಕ್ಷಿಣ ಆಫ್ರಿಕಾದಲ್ಲಿ. ಅಲ್ಲಿನ ಟ್ರಾನ್ಸ್‌ವಾಲ್ ಸರ್ಕಾರ ಭಾರತೀಯರೆಲ್ಲ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕು ಅಂದಿತು. 1906ರ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗ್‌ನಲ್ಲಿ ಸೇರಿದ ಜನ, ಜೈಲಿಗೆ ಹೋದರೂ ಸರಿ, ಈ ಕಾನೂನಿಗೆ ತಲೆಬಾಗಲ್ಲ ಅಂತ ಪ್ರಮಾಣ ಮಾಡಿದರು. 1908ರಲ್ಲಿ ಒಂದು ಮಸೀದಿಯ ಆವರಣದಲ್ಲಿ ಸೇರಿ, ತಮ್ಮ ನೋಂದಣಿ ಚೀಟಿಗಳನ್ನು ರಾಶಿ ಹಾಕಿ ಸುಟ್ಟರು. ಮನೆಯಲ್ಲೇ ಒಲೆಗೆ ಹಾಕಿ ಸುಮ್ನಿರಬಹುದಿತ್ತು. ಹಾಗೆ ಮಾಡಿದ್ದರೆ ಅದು ಬರೀ ಕಾನೂನು ತಪ್ಪಿಸಿಕೊಂಡ ಹಾಗೆ ಆಗುತ್ತಿತ್ತು.

ಉಪ್ಪಿನ ಸತ್ಯಾಗ್ರಹದಲ್ಲೂ ಇದೇ. ನಡಿಗೆ ಶುರುವಾದದ್ದು 1930ರ ಮಾರ್ಚ್ 12ಕ್ಕೆ. ಅದಕ್ಕೂ ಮೊದಲೇ, ಮಾರ್ಚ್ 2ರಂದು, ಗಾಂಧಿ ವೈಸ್‌ರಾಯ್ ಇರ್ವಿನ್‌ಗೆ ಕಾಗದ ಬರೆದರು. ಪ್ರಿಯ ಮಿತ್ರರೇ ಅಂತ ಶುರುವಾಗುವ ಕಾಗದ. ನೀವು ಬಗ್ಗದಿದ್ದರೆ ನಾವು ಉಪ್ಪಿನ ಕಾನೂನು ಮುರಿಯುತ್ತೇವೆ ಅಂತ ಮೊದಲೇ ತಿಳಿಸಿದರು. ಅದನ್ನು ತಲುಪಿಸಲು ಹೋದವನೂ ಒಬ್ಬ ಇಂಗ್ಲಿಷ್ ಯುವಕ, ರೆಜಿನಾಲ್ಡ್ ರೆನಾಲ್ಡ್ಸ್. ಎದುರಾಳಿಗೆ ಮೊದಲೇ ಹೇಳಿ ಹೊರಡುವ ಹೋರಾಟ ಇದು. ಏಪ್ರಿಲ್ 6ಕ್ಕೆ ದಂಡಿ, ಒಂದು ಹಿಡಿ ಉಪ್ಪು. ಆ ವರ್ಷ ಜೈಲಿಗೆ ಹೋದವರು 60,000ಕ್ಕೂ ಜಾಸ್ತಿ.

ಇಷ್ಟಕ್ಕೆಲ್ಲ ಸರ್ಕಾರ ಯಾಕೆ ಹೆದರಬೇಕು? ಉಪ್ಪು, ಚೀಟಿ, ಎಲ್ಲ ಚಿಲ್ಲರೆ ವಿಷಯ ಅನ್ನಿಸುತ್ತದೆ. ಇದನ್ನು ನಮ್ಮ ಸಂತೆಯಲ್ಲಿ ಇಟ್ಟು ನೋಡೋಣ. ಇದು ನಡೆದದ್ದಲ್ಲ, ಸುಮ್ನೆ ಊಹಿಸಿಕೊಳ್ಳಿ. ಅರಸೀಕೆರೆ ಕಡೆಯದೊಂದು ಸಂತೆ. ಸುಂಕ ಎತ್ತುವ ಹಕ್ಕನ್ನು ಒಬ್ಬರು ಹರಾಜಿನಲ್ಲಿ ಹಿಡಿದಿದ್ದಾರೆ. ಅವರ ಆಳು ಒಂದೊಂದೇ ಕುಕ್ಕೆಯ ಮುಂದೆ ನಿಂತು ಕಾಸು ಈಸಿಕೊಂಡು ಚೀಟಿ ಹರಿದು ಕೊಡುತ್ತಾ ಬರುತ್ತಾನೆ. ಈ ಸಲ ಸುಂಕ ಏರಿಸಿದ್ದಾರೆ, ಜನಕ್ಕೆ ಸಿಟ್ಟು. ಅವನಿಗೆ ನಾಲ್ಕು ಬಾರಿಸಿ ಚೀಟಿ ಪುಸ್ತಕ ಕಿತ್ತುಕೊಂಡರೆ? ಪೊಲೀಸರ ಕೆಲಸ ಸಲೀಸು. ಹೊಡೆದವರು ಯಾರು ಅಂತ ಹುಡುಕಿ ಒಳಗೆ ಹಾಕುತ್ತಾರೆ, ಮುಂದಿನ ವಾರ ಸುಂಕ ಎತ್ತೋದು ನಿಲ್ಲಲ್ಲ.

ಈಗ ಇನ್ನೊಂದು ರೀತಿ. ಹಸಿಮೆಣಸಿನಕಾಯಿ ಹರವಿಕೊಂಡ ಅಜ್ಜಿ, ‘ಕೊಡಲ್ಲ ಕಣಪ್ಪ’ ಅಂತಾಳೆ. ಪಕ್ಕದ ತೆಂಗಿನಕಾಯಿಯವನೂ ಅದನ್ನೇ ಅಂತಾನೆ. ಅದರ ಪಕ್ಕದ ಸೊಪ್ಪಿನವಳೂ. ಯಾರೂ ಬೈಯಲ್ಲ, ಯಾರೂ ಎದ್ದು ಹೋಗಲ್ಲ. ಅಜ್ಜಿಯ ಕುಕ್ಕೆ ಜಪ್ತಿ ಮಾಡಬಹುದು, ಮಾಡಲಿ. ಆದರೆ ಇಡೀ ಸಂತೆಯ ಕುಕ್ಕೆಗಳನ್ನು ಎಲ್ಲಿಗೆ ಹೊರುತ್ತಾರೆ? ಎಲ್ಲರನ್ನೂ ಹಿಡಿದರೆ ಠಾಣೆಯಲ್ಲಿ ಜಾಗ ಎಲ್ಲಿ? ಇವರ ಬೆನ್ನ ಮೇಲೆ ಲಾಠಿ ಬಿದ್ದರೆ ಬೀಸಿದವನ ಮುಖವನ್ನೂ ಊರೇ ನೋಡುತ್ತದೆ. ಮುಂದಿನ ವರ್ಷದ ಹರಾಜಿಗೆ ಬರುವವರು ಯೋಚನೆ ಮಾಡುತ್ತಾರೆ. ಆಡಳಿತ ಅನ್ನೋದು ಬಂದೂಕಿಗಿಂತ ಜಾಸ್ತಿ ನಿಂತಿರುವುದು ನಾವು ದಿನಾ ಮಾಡುವ ಇಂಥ ಸಣ್ಣ ಸಹಕಾರದ ಮೇಲೆ. ಅದನ್ನು ವಾಪಸ್ ತೆಗೆದುಕೊಳ್ಳುವುದೇ ಅಸಹಕಾರ. ತೆರಿಗೆ ವಿಚಾರದಲ್ಲಿ ಮಾಡಿದರೆ ಕರನಿರಾಕರಣೆ, ಉತ್ತರ ಕನ್ನಡದ ಅಂಕೋಲಾ ಮತ್ತು ಸಿದ್ದಾಪುರದ ರೈತರು 1930ರ ದಶಕದ ಶುರುವಿನಲ್ಲಿ ಜಮೀನು ಹೋದರೂ ಬಿಡದೆ ಮಾಡಿದ್ದು. ಕಾನೂನು ಭಂಗ, ಪಿಕೆಟಿಂಗ್, ಇವೆಲ್ಲ ಅದೇ ಬಳಗ.

ಅಜ್ಜಿ ಏಟು ತಿಂದರೂ ಸಂತೆಯವರು ಕಲ್ಲು ಎತ್ತಬಾರದು. ಕಷ್ಟ ಇರುವುದು ಇಲ್ಲೇ. 1930ರ ಮೇ 21ರಂದು ಧಾರಾಸಣದ ಉಪ್ಪಿನ ಕೋಠಿಗೆ ಸ್ವಯಂಸೇವಕರು ಸಾಲುಸಾಲಾಗಿ ನಡೆದರು. ಸರೋಜಿನಿ ನಾಯ್ಡು ಮುಂದಾಳು. ಲಾಠಿ ತಲೆ ಮೇಲೆ ಬೀಳುತ್ತಿದ್ದರೆ ತಡೆಯಲು ಕೈ ಕೂಡ ಎತ್ತಲಿಲ್ಲ. ಒಂದು ಸಾಲು ಬಿದ್ದ ಮೇಲೆ ಇನ್ನೊಂದು ಸಾಲು. ಅಮೆರಿಕದ ಪತ್ರಕರ್ತ ವೆಬ್ ಮಿಲ್ಲರ್ ಅದನ್ನು ಕಣ್ಣಾರೆ ಕಂಡು ಬರೆದದ್ದು ಜಗತ್ತಿಗೆಲ್ಲ ಗೊತ್ತಾಯಿತು. ಇದನ್ನು ‘ಕೈಲಾಗದವರ ದಾರಿ’ ಅನ್ನುವವರು ಆ ಸಾಲಿನಲ್ಲಿ ಎರಡನೆಯವರಾಗಿ ನಿಲ್ಲುವುದನ್ನು ಊಹಿಸಿಕೊಳ್ಳಬೇಕು. ಮೊದಲನೆಯವರಿಗೆ ಏನಾಯಿತು ಅಂತ ನೋಡಿಯೂ ನಡೆಯಬೇಕು. ಈ ಶಿಸ್ತು ತಪ್ಪಿದಾಗ ಗಾಂಧಿ ಚಳವಳಿಯನ್ನೇ ನಿಲ್ಲಿಸಿದ್ದುಂಟು. 1922ರ ಫೆಬ್ರವರಿಯಲ್ಲಿ ಚೌರಿ ಚೌರಾದಲ್ಲಿ ಜನ ಠಾಣೆಗೆ ಬೆಂಕಿ ಇಟ್ಟು ಪೊಲೀಸರು ಸತ್ತ ಮೇಲೆ, ಜೊತೆಯವರು ಸಿಟ್ಟಾದರೂ ಕೇಳಲಿಲ್ಲ. ಮುಂದಿನ ತಿಂಗಳು ಕೋರ್ಟಿನಲ್ಲಿ ನಿಂತು, ನನಗೆ ಕೊಡಬಹುದಾದ ಅತಿ ದೊಡ್ಡ ಶಿಕ್ಷೆ ಕೊಡಿ ಅಂತ ತಾವೇ ಕೇಳಿದರು. ಆರು ವರ್ಷ ಬಿತ್ತು.

ಈಗ ನಮ್ಮ ಕಡೆಗೆ ಬರೋಣ. ಇಲ್ಲಿ ಒಂದು ತೊಡಕಿತ್ತು, ನನಗೆ ಈ ಪದದ ಅರ್ಥ ಸರಿಯಾಗಿ ತೆರೆದುಕೊಂಡದ್ದೂ ಅಲ್ಲೇ.

ಬ್ರಿಟಿಷರ ವಿರುದ್ಧ ಕತ್ತಿ ಹಿಡಿದವರು ಈ ಸೀಮೆಯಲ್ಲೂ ಇದ್ದರು. ಈಗಿನ ಸಕಲೇಶಪುರದ ಕಡೆ, ಬಲಂ ಸೀಮೆಯ ಪಾಳೆಯಗಾರ ವೆಂಕಟಾದ್ರಿ ನಾಯಕ ಕಾಡನ್ನೇ ಕೋಟೆ ಮಾಡಿಕೊಂಡು ಹೋರಾಡಿದ. 1802ರಲ್ಲಿ ಹಿಡಿದು ಗಲ್ಲಿಗೆ ಹಾಕಿದರು. ಆಮೇಲೆ ಒಂದು ಶತಮಾನದ ಹೊತ್ತಿಗೆ ಇಲ್ಲಿನ ಜನಕ್ಕೆ ‘ಬ್ರಿಟಿಷರು’ ಅಂದರೆ ಮಂಜರಾಬಾದು, ಚಿಕ್ಕಮಗಳೂರಿನ ಕಾಫಿ ಎಸ್ಟೇಟುಗಳ ದೊರೆಗಳು. ದಿನಾ ಎದುರಾಗುವ ಸರ್ಕಾರ ಮಾತ್ರ ಮೈಸೂರು ಮಹಾರಾಜರದು. ಹಾಸನವೂ ಕಡೂರು ಜಿಲ್ಲೆಯೂ ಮೈಸೂರು ಸಂಸ್ಥಾನದಲ್ಲಿದ್ದವು. ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೂ ಕಡೂರು ಜಿಲ್ಲೆ ಅಂತಲೇ ಹೆಸರು. ಮೈಸೂರು ಕಪ್ಪ ಕಟ್ಟುತ್ತಿದ್ದದ್ದು ಬ್ರಿಟಿಷರಿಗೇ, ಬೆಂಗಳೂರಿನಲ್ಲಿ ಅವರ ಪ್ರತಿನಿಧಿಯಾಗಿ ರೆಸಿಡೆಂಟ್ ಕೂತಿದ್ದ. ಆದರೂ ಊರಲ್ಲಿ ಕಂದಾಯ ಎತ್ತುತ್ತಿದ್ದದ್ದು ಮಹಾರಾಜರ ಹೆಸರಲ್ಲಿ.

ಆ ಮಹಾರಾಜರನ್ನು ಕಂಡರೆ ಜನಕ್ಕೆ ಪ್ರೀತಿ. ನಾಲ್ವಡಿ ಕೃಷ್ಣರಾಜ ಒಡೆಯರನ್ನು ಗಾಂಧಿಯೇ ರಾಜರ್ಷಿ ಅಂದರು. 1927ರಲ್ಲಿ ಆರೋಗ್ಯ ಕೆಟ್ಟು ನಂದಿಬೆಟ್ಟದಲ್ಲಿ ಉಳಿದ ಗಾಂಧಿ, ಚೇತರಿಸಿಕೊಂಡ ಮೇಲೆ ಹಾಸನ, ಚಿಕ್ಕಮಗಳೂರು ಕಡೆಗೂ ಖಾದಿ ನಿಧಿ ಎತ್ತುತ್ತಾ ಬಂದರು. ಆಗ ಅವರು ಸಂಸ್ಥಾನದ ಅತಿಥಿ. ಹಾಗಿದ್ದ ಮೇಲೆ ಇಲ್ಲಿ ಯಾರ ವಿರುದ್ಧ ಹೋರಾಡುವುದು?

ಶತ್ರು ಬೇಕೇ ಬೇಕು ಅನ್ನುವ ಹೋರಾಟಕ್ಕೆ ಇದು ಬಿಡಿಸಲಾಗದ ಗಂಟು. ಸತ್ಯಾಗ್ರಹಕ್ಕೆ ಅಲ್ಲ. ಮಹಾರಾಜರು ಒಳ್ಳೆಯವರೇ, ಆದರೆ ಕಾಂಗ್ರೆಸ್ ಬಾವುಟ ಹಾರಿಸಬೇಡಿ ಅನ್ನುವ ಆಜ್ಞೆ ತಪ್ಪು, ಅದನ್ನು ಮಾತ್ರ ಪಾಲಿಸಲ್ಲ. ಹೀಗೆ ಹೇಳುವುದಕ್ಕೆ ಅಲ್ಲಿ ಜಾಗ ಇದೆ. ಮನೆಯಲ್ಲಿ ದೊಡ್ಡವರ ಮೇಲೆ ಮುನಿಸಿಕೊಂಡು ಊಟ ಬಿಡುವ ಮಗನಿಗೂ ಅವರ ಮೇಲೆ ದ್ವೇಷ ಇರಲ್ಲವಲ್ಲ, ಹಾಗೆ.

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ಬಾವುಟ ಏರಿಸಬಾರದು ಅಂತ ನಿಷೇಧಾಜ್ಞೆ. ಅಧ್ಯಕ್ಷ ಟಿ. ಸಿದ್ದಲಿಂಗಯ್ಯ ಏರಿಸಿದರು, ದಸ್ತಗಿರಿಯಾದರು. ಅದೇ ತಿಂಗಳ 25ಕ್ಕೆ ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಸೇರಿದ ಜನರ ಮೇಲೆ ಗುಂಡು ಹಾರಿತು, ಜನ ಸತ್ತರು. ದೇಶವೇ ಕೇಳಿತು. ಕಾಂಗ್ರೆಸ್ ನಾಯಕರಾದ ವಲ್ಲಭಭಾಯಿ ಪಟೇಲರೂ ಕೃಪಲಾನಿಯವರೂ ಬೆಂಗಳೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿದರು. ಒಪ್ಪಂದ ಏನಾಯಿತು ಅಂದರೆ, ಕಾಂಗ್ರೆಸ್ ಬಾವುಟ ಹಾರಿಸಬಹುದು, ಆದರೆ ಮೈಸೂರಿನ ಗಂಡಭೇರುಂಡದ ಬಾವುಟದ ಜೊತೆಗೆ. ಇದನ್ನು ಅರ್ಧ ಸೋಲು ಅಂದವರು ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒಂದನ್ನು ಇಳಿಸಿ ಇನ್ನೊಂದನ್ನು ಏರಿಸುವುದು ಈ ಕ್ರಮದ ಗುರಿಯೇ ಅಲ್ಲ. ಎದುರಿನವರಿಗೂ ಮುಖ ಉಳಿಯುವ ಹಾಗೆ ಮುಗಿದರೆ ಅದು ಚೆನ್ನಾಗಿ ನಡೆದಿದೆ ಅಂತ ಅರ್ಥ. ಪ್ರಾಣ ಕಳೆದುಕೊಂಡವರ ಮನೆಯಲ್ಲಿ ನಿಂತು ಈ ಮಾತು ಆಡುವುದು ಸುಲಭ ಅಲ್ಲ, ಅದೂ ನಿಜ.

1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಅರಣ್ಯ ಸತ್ಯಾಗ್ರಹ ಆಯಿತು. ಈಚಲು ಮರ ಕಡಿದು ನಿಜಲಿಂಗಪ್ಪನಂಥವರು ಜೈಲು ಸೇರಿದರು. 1942ರಲ್ಲಿ ಹೇಮಾವತಿ ದಡದ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಕೂಡ ಜೈಲಿಗೆ ಹೋದರು, ಗಾಂಧಿ ಕಟ್ಟಿದ ಗುಜರಾತ್ ವಿದ್ಯಾಪೀಠದಲ್ಲಿ ಓದಿ ಬಂದವರು. ಅದೇ ವರ್ಷ ಶಿಕಾರಿಪುರದ ಈಸೂರಿನ ಜನ ನಮ್ಮದೇ ಸರ್ಕಾರ ಅಂತ ಸಾರಿದರು. ಅಲ್ಲಿ ಘರ್ಷಣೆಯಾಗಿ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಸತ್ತರು. ಆಮೇಲೆ ಐವರನ್ನು ಗಲ್ಲಿಗೆ ಹಾಕಿದರು. ಈಸೂರಿನವರ ಧೈರ್ಯಕ್ಕೆ ಕೈಮುಗಿಯೋಣ, ಆದರೆ ಅದನ್ನು ಸತ್ಯಾಗ್ರಹದ ಲೆಕ್ಕಕ್ಕೆ ಸೇರಿಸಬಾರದು. ಸೇರಿಸಿದರೆ ಎರಡಕ್ಕೂ ಅನ್ಯಾಯ.

ಇವತ್ತಿನ ಶಾಮಿಯಾನದ ವಿಚಾರ. ಧರಣಿ ಕೂತವರು ಕಾನೂನು ಮೀರಿರುವುದಿಲ್ಲ, ಹೆಚ್ಚಿನ ಸಲ ಪೊಲೀಸರ ಅನುಮತಿ ಪಡೆದೇ ಕೂತಿರುತ್ತಾರೆ. ತಪ್ಪೇನಿಲ್ಲ, ಅದು ಅಹವಾಲು. ಬಂದ್ ಬೇರೆ. ಅಂಗಡಿಯವನು ಕಲ್ಲಿಗೆ ಹೆದರಿ ಬಾಗಿಲು ಎಳೆದರೆ ನೋವು ಅನುಭವಿಸಿದವನು ಅವನು, ಕರೆ ಕೊಟ್ಟವರಲ್ಲ. ಅದನ್ನು ಸತ್ಯಾಗ್ರಹ ಅನ್ನುವುದಕ್ಕೆ ನನ್ನ ಮನಸ್ಸು ಒಪ್ಪಲ್ಲ. ಅಂಬೇಡ್ಕರ್ ಮಾತು ಇನ್ನೂ ಖಾರ. 1927ರಲ್ಲಿ ಮಹಾಡ್‌ನ ಕೆರೆ ನೀರಿಗಾಗಿ ತಾವೇ ಸತ್ಯಾಗ್ರಹ ಮಾಡಿದವರು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ, ಸಂವಿಧಾನದ ದಾರಿ ತೆರೆದ ಮೇಲೆ ಅಸಹಕಾರ, ಸತ್ಯಾಗ್ರಹಗಳನ್ನೂ ಬಿಡಬೇಕು, ಅವು ಅರಾಜಕತೆಯ ವ್ಯಾಕರಣ ಅಂದರು. ಮೂರನೇ ಅರ್ಜಿಗೂ ಉತ್ತರ ಬಾರದೆ ಕೂತ ಆಲೂರಿನ ರೈತ ಇದನ್ನು ಒಪ್ಪುತ್ತಾನಾ? ವಾದ ಇನ್ನೂ ಮುಗಿದಿಲ್ಲ.

ಮೈಸೂರಿನ ಕಡೆಯ ಸುತ್ತು ನಡೆದದ್ದು ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ. ಜವಾಬ್ದಾರಿ ಸರ್ಕಾರ, ಅಂದರೆ ಜನರ ಪ್ರತಿನಿಧಿಗಳಿಗೆ ಉತ್ತರ ಹೇಳಬೇಕಾದ ಸರ್ಕಾರ ಬೇಕು ಅಂತ 1947ರ ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಶುರುವಾಯಿತು. ವಿದ್ಯಾರ್ಥಿಗಳು ಶಾಲೆ ಬಿಟ್ಟು ಬೀದಿಗೆ ಬಂದರು, ಜೈಲು ತುಂಬಿದವು. ಅಕ್ಟೋಬರ್‌ನಲ್ಲಿ ಆಗಿನ ಮಹಾರಾಜ ಜಯಚಾಮರಾಜ ಒಡೆಯರ್ ಅದಕ್ಕೆ ಒಪ್ಪಿದರು, ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ಒಡೆಯರನ್ನು ಯಾರೂ ಓಡಿಸಲಿಲ್ಲ. ಮುಂದೆ ಅವರು ಇದೇ ರಾಜ್ಯದ ರಾಜಪ್ರಮುಖರಾದರು, ಅಂದರೆ ರಾಜ್ಯಪಾಲರಂಥ ಹುದ್ದೆ. 1956ರಲ್ಲಿ ರಾಜ್ಯಪಾಲರೂ ಆದರು, ಅದೇ ವರ್ಷ ಅವರ ಸರ್ಕಾರದ ಮುಖ್ಯಮಂತ್ರಿಯಾದದ್ದು ತುರುವನೂರಿನ ಸತ್ಯಾಗ್ರಹಿ ನಿಜಲಿಂಗಪ್ಪ.