ಮಾತ್ರೆಗೆ ಮುಂಚೆ ಮೂತ್ರದ ಕಲ್ಚರ್

ಉರಿಮೂತ್ರ ಶುರುವಾದ ಕೂಡಲೇ ಮನೆಯಲ್ಲಿ ಉಳಿದಿದ್ದ ಆ್ಯಂಟಿಬಯಾಟಿಕ್ ಎರಡು ಹೊತ್ತು ನುಂಗಿ, ಕಡಿಮೆಯಾಗದಿದ್ದಾಗ, ಮೂತ್ರದಲ್ಲಿನ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್‌ಗೆ ಮೂತ್ರ ಕೊಡುವವರು ಬಹಳ. ಆಗ ಔಷಧದ ಅಂಶ ಮೂತ್ರದಲ್ಲೇ ಇರುವುದರಿಂದ ಲ್ಯಾಬಿನ ತಟ್ಟೆಯಲ್ಲಿ ಏನೂ ಬೆಳೆಯದೆ ಹೋಗಬಹುದು. ವರದಿ ‘ನೋ ಗ್ರೋತ್’ ಎನ್ನುತ್ತದೆ, ಸೋಂಕು ಹಾಗೇ ಇರುತ್ತದೆ. ಸ್ಯಾಂಪಲ್ ಮೊದಲು, ಮಾತ್ರೆ ಆಮೇಲೆ.

ಮೂತ್ರದ ಸೋಂಕುಗಳಲ್ಲಿ ಬಹುಪಾಲು ಇ. ಕೊಲೈನಿಂದ ಬರುತ್ತವೆ. ಇದು ನಮ್ಮ ಕರುಳಿನಲ್ಲೇ ಇರುವ ಬ್ಯಾಕ್ಟೀರಿಯಾ. ನೆಗಡಿಗೆಂದು ಸುಮ್ಮನೆ ತೆಗೆದುಕೊಂಡ ಆ್ಯಂಟಿಬಯಾಟಿಕ್ ಕೂಡ ಕರುಳಿನಲ್ಲಿ ಔಷಧಕ್ಕೆ ಬಗ್ಗುವ ಬ್ಯಾಕ್ಟೀರಿಯಾವನ್ನು ಕೊಂದು, ಬಗ್ಗದವನ್ನು ಉಳಿಸುತ್ತದೆ. ಮುಂದೆ ಮೂತ್ರನಾಳಕ್ಕೆ ಹತ್ತುವುದು ಅವೇ. ಇಂಥವುಗಳಲ್ಲಿ ಕೆಲವು ಇಎಸ್‌ಬಿಎಲ್ ಎಂಬ ಕಿಣ್ವ ತಯಾರಿಸಿ ಪೆನ್ಸಿಲಿನ್‌ಗಳನ್ನೂ ಸೆಫಿಕ್ಸಿಮ್, ಸೆಫ್‌ಟ್ರಯಾಕ್ಸೋನ್‌ಗಳನ್ನೂ ಒಡೆದುಹಾಕುತ್ತವೆ. ಈ ಕಿಣ್ವದ ಜೀನ್ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದ ಮೇಲೆ ಕೂತು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತದೆ. ಜೊತೆಗೆ ಬೇರೆ ಗುಂಪಿನ ಔಷಧಗಳ ಪ್ರತಿರೋಧವನ್ನೂ ಹೊತ್ತೊಯ್ಯುವುದುಂಟು.

ಸ್ಯಾಂಪಲ್ ಕೆಟ್ಟರೆ ವರದಿಯೂ ಕೆಟ್ಟಿತು. ಕೈ ತೊಳೆದು, ಮೂತ್ರದ್ವಾರದ ಸುತ್ತ ಮುಂದಿನಿಂದ ಹಿಂದಕ್ಕೆ ಒರೆಸಿ, ಮೊದಲ ಧಾರೆಯನ್ನು ಬಿಟ್ಟು, ನಡುವಿನ ಧಾರೆಯನ್ನು ಲ್ಯಾಬಿನವರು ಕೊಟ್ಟ ಸ್ಟೆರೈಲ್ ಡಬ್ಬಿಗೆ ಹಿಡಿಯಬೇಕು. ಡಬ್ಬಿಯ ಅಂಚಾಗಲಿ ಮುಚ್ಚಳದ ಒಳಭಾಗವಾಗಲಿ ಮೈಗೆ ತಾಗಬಾರದು. 2 ಗಂಟೆಯೊಳಗೆ ತಲುಪಿಸಿ; ಆಗದಿದ್ದರೆ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಲ್ಲ. ಹೊರಗಿಟ್ಟ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಲೇ ಇರುತ್ತವೆ, ಕೆಲವು ಸಾವಿರವಿದ್ದದ್ದು ಲಕ್ಷ ದಾಟುತ್ತದೆ. ಸೋಂಕು ಎನ್ನಲು ಮಿಲಿಲೀಟರಿಗೆ 1,00,000 ಬ್ಯಾಕ್ಟೀರಿಯಾ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಗಡಿ. ಲಕ್ಷಣ ಸ್ಪಷ್ಟವಾಗಿದ್ದರೆ ಅದಕ್ಕಿಂತ ಕಡಿಮೆ ಸಂಖ್ಯೆಯೂ ನಿಜವಾದ ಸೋಂಕೇ ಆಗಿರಬಹುದು. ಮೂರು ನಾಲ್ಕು ಬಗೆ ಒಟ್ಟಿಗೆ ಬೆಳೆದಿದ್ದರೆ ಸಾಮಾನ್ಯವಾಗಿ ಅದು ಚರ್ಮದಿಂದ ಬೆರೆತದ್ದು, ಸ್ಯಾಂಪಲ್ ಮತ್ತೆ ಕೊಡುವುದೇ ಸರಿ.

ಬೆಳೆದ ಬ್ಯಾಕ್ಟೀರಿಯಾ ಯಾವ ಔಷಧಕ್ಕೆ ಬಗ್ಗುತ್ತದೆ, ಯಾವುದಕ್ಕಿಲ್ಲ ಎಂದು ಹೇಳುವ ಪ್ರತಿರೋಧದ ಪಟ್ಟಿ ಬರಲು 2–3 ದಿನ ಬೇಕು. ಅದರಲ್ಲಿ ‘ಎಸ್’ ಎಂದರೆ ಔಷಧಕ್ಕೆ ಬಗ್ಗುತ್ತದೆ, ‘ಆರ್’ ಎಂದರೆ ಬಗ್ಗುವುದಿಲ್ಲ. ಪಕ್ಕದ ಎಂಐಸಿ ಅಂಕಿ (ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಬೇಕಾದ ಔಷಧದ ಕನಿಷ್ಠ ಪ್ರಮಾಣ) ಯಾವುದಕ್ಕೆ ಚಿಕ್ಕದೋ ಅದೇ ಒಳ್ಳೆಯ ಔಷಧ ಎಂದು ಅನೇಕರು ಓದುತ್ತಾರೆ. ಅದು ತಪ್ಪು. ಪ್ರತಿ ಔಷಧದ ಗಡಿಯೇ ಬೇರೆ, ಅಂಕಿಗಳನ್ನು ಅಡ್ಡಡ್ಡ ಹೋಲಿಸುವಂತಿಲ್ಲ.

‘ಎಸ್’ ಕೂಡ ಎಲ್ಲ ಕಡೆ ಒಂದೇ ಅಲ್ಲ. ನೈಟ್ರೋಫ್ಯುರಾಂಟೊಯಿನ್ ಮೂತ್ರದಲ್ಲಿ ದಟ್ಟವಾಗಿ ಸೇರುತ್ತದೆ, ರಕ್ತದಲ್ಲಿ ಸಾಕಷ್ಟು ನಿಲ್ಲುವುದಿಲ್ಲ. ಮೂತ್ರಕೋಶದ ಸೋಂಕಿಗೆ ಅದಾಗಲಿ, 3 ಗ್ರಾಂ ಫಾಸ್ಫೊಮೈಸಿನ್‌ನ ಒಂದೇ ಡೋಸ್ ಆಗಲಿ, ಇಎಸ್‌ಬಿಎಲ್ ಇದ್ದಾಗಲೂ ಸಾಕಾಗುವುದುಂಟು. ಚಳಿಜ್ವರ, ಪಕ್ಕೆಯ ಹಿಂದೆ ನೋವು, ವಾಂತಿ ಇದ್ದರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಅಲ್ಲಿ ಇವು ನಡೆಯವು. ವರದಿಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇಎಸ್‌ಬಿಎಲ್ ಆಗಿದ್ದರೆ ಹಲವೊಮ್ಮೆ ಕಾರ್ಬಪೆನೆಮ್ ಗುಂಪಿನ ಇಂಜೆಕ್ಷನ್ನೇ ಬೇಕಾಗುತ್ತದೆ.

ಲಕ್ಷಣವೇ ಇಲ್ಲದೆ ಕಲ್ಚರಿನಲ್ಲಿ ಮಾತ್ರ ಬ್ಯಾಕ್ಟೀರಿಯಾ ಕಂಡರೆ, ವಯಸ್ಸಾದವರಲ್ಲಾಗಲಿ ಸಕ್ಕರೆ ಕಾಯಿಲೆಯವರಲ್ಲಾಗಲಿ ಅದಕ್ಕೆ ಆ್ಯಂಟಿಬಯಾಟಿಕ್ ಬೇಡ. ಗರ್ಭಿಣಿಯರು ಮತ್ತು ಮೂತ್ರನಾಳದ ಶಸ್ತ್ರಕ್ರಿಯೆಗೆ ಹೋಗುವವರು ಇದಕ್ಕೆ ಮುಖ್ಯ ಹೊರತು. ಕ್ಯಾತಿಟರ್ (ಮೂತ್ರ ಹೊರತರುವ ನಳಿಕೆ) ಹಾಕಿದವರ ಚೀಲದ ಮೂತ್ರವನ್ನಂತೂ ಕಲ್ಚರ್‌ಗೆ ಕಳಿಸಲೇಬಾರದು. ಎರಡು ವಾರ ಮೀರಿದ ಕ್ಯಾತಿಟರ್ ಇದ್ದು, ಅದು ಇನ್ನೂ ಬೇಕಾಗಿದ್ದರೆ, ಬದಲಿಸಿ ಹೊಸದರಿಂದ ಸ್ಯಾಂಪಲ್ ತೆಗೆಯಬೇಕು.