ಬಣ್ಣ ಬಿಡಿ, ಸೊಂಟ ನೋಡಿ

"ಸರ, ಕರಿ ಇರುವಿ ಅದಾವ. ಸಜ್ಜಿ ಕಾಳು ಹೊತಗೊಂಡು ಹೊಂಟಾವ. ಯಾವ ಜಾತಿ ರೀ?" ಕುಷ್ಟಗಿ, ಸಿಂಧನೂರು ಕಡೆಯಿಂದ ಫೋನಿಗೆ ಬರುವ ಪ್ರಶ್ನೆ ಹೆಚ್ಚುಕಮ್ಮಿ ಇದೇ. ಜೊತೆಗೊಂದು ಫೋಟೊ. ಮೇಲಿನಿಂದ ತೆಗೆದದ್ದು, ಅರ್ಧ ಹೆಬ್ಬೆರಳಿನ ನೆರಳು, ನಡುವೆ ಕರಿ ಚುಕ್ಕೆ. ನಾನೇನು ಜ್ಯೋತಿಷಿ ಅಲ್ಲವಲ್ಲ.

ಬಣ್ಣ ನಂಬಬೇಡಿ. ಈಗಷ್ಟೇ ದೊಡ್ಡದಾದ ಇರುವೆ ಮಾಸಲು, ಅದೇ ಗೂಡಿನ ಹಳೆಯದು ಕಡು. ಗಾತ್ರ ನಂಬೋದು ಇನ್ನೂ ದೊಡ್ಡ ತಪ್ಪು. ಹಿಂದೊಮ್ಮೆ ಹಿರಿಯ ರೈತರೊಬ್ಬರು ಎರಡು ಬೆಂಕಿಪೊಟ್ಟಣ ಹಿಡಿದು ಬಂದರು. ಒಂದರಲ್ಲಿ ದಪ್ಪ ತಲೆಯವು, ಇನ್ನೊಂದರಲ್ಲಿ ಸಣ್ಣವು. "ದೊಡ್ಡವು ಕಳ್ಳ ಅದಾವ ಸರ, ಸಣ್ಣವು ಪಾಪ. ದೊಡ್ಡವಕ್ಕಷ್ಟ ಔಷಧ ಹೇಳ್ರಿ" ಅಂದರು. ಎರಡೂ ಒಂದೇ ಗೂಡಿನವು, ಒಂದೇ ತಾಯಿಯ ಹೆಣ್ಣುಮಕ್ಕಳು! ಫೀಡೋಲೆ ಅನ್ನೋ ಇರುವೆ ಗುಂಪಿನಲ್ಲಿ ಹೀಗೇ. ಆ ದಪ್ಪ ತಲೆಯಲ್ಲಿ ಜಾಸ್ತಿ ಇರೋದು ದವಡೆ ಆಡಿಸುವ ಸ್ನಾಯು. ಕಾಳು ಒಡೆಯೋದಕ್ಕೆ ಅದು ಬೇಕು.

ನೋಡಬೇಕಾದದ್ದು ಸೊಂಟ. ಅದೂ ಪಕ್ಕದಿಂದ. ಮತ್ತೆ ಹೇಳ್ತೀನಿ, ಮೇಲಿನಿಂದ ಅಲ್ಲ, ಪಕ್ಕದಿಂದ. ಸತ್ತ ಇರುವೆಯನ್ನು ಬಿಳಿ ಹಾಳೆ ಮೇಲೆ ಮಗ್ಗುಲಾಗಿ ಮಲಗಿಸಿ, ಹತ್ತು ಪಟ್ಟಿನ ಮಸೂರ ಹಿಡಿಯಿರಿ. ಎದೆಗೂ ಹೊಟ್ಟೆಗೂ ನಡುವೆ ಎಷ್ಟು ಗಂಟು? ಒಂದೇ ಇದ್ದರೆ ಅದು ನಮ್ಮ ಗೊದ್ದ ಇರಬಹುದು. ಗೊದ್ದಕ್ಕೆ ಬೇಕಾದದ್ದು ಸಿಹಿ. ನಿಮ್ಮ ಸಜ್ಜೆ ಅಲ್ಲ. ಸುಮ್ನೆ ಅದಕ್ಕೆ ಕೇಸು ಹಾಕಬೇಡಿ. ಮಣಿ ಪೋಣಿಸಿದ ಹಾಗೆ ಎರಡು ಗಂಟು ಕಂಡರೆ, ಕಾಳು ಹೊರುವವರ ದಾರಿಗೆ ಬಂದಿರಿ.

ಬಂದಿರಿ ಅಷ್ಟೇ, ಮುಟ್ಟಿಲ್ಲ. ಎರಡು ಗಂಟಿನವೆಲ್ಲ ಕಾಳು ಹೊರೋದಿಲ್ಲ. ಮುಂದೆ ಮೀಸೆಯ, ಅಂದರೆ ತಲೆಯ ಸ್ಪರ್ಶಕದ, ತುಂಡು ಎಣಿಸಬೇಕು. ಫೀಡೋಲೆಗೆ ಹನ್ನೆರಡು ತುಂಡು, ತುದಿಯ ಮೂರು ದಪ್ಪ. ಬೆಂಕಿ ಇರುವೆಗೆ ಹತ್ತು, ತುದಿಯ ಎರಡು ದಪ್ಪ. ಕೆಂಪು ಮೈ, ಕರಿ ಹೊಟ್ಟೆ, ಮೈತುಂಬ ಕೂದಲಿನ ಮೆರಾನೋಪ್ಲಸ್‌ಗೆ ಒಂಬತ್ತೇ. ಅದನ್ನು ಮುಟ್ಟಿದರೆ ಮುದುಡಿ ಸತ್ತಂತೆ ಬಿದ್ದಿರುತ್ತೆ. ಕಾಳು ಹೊರುವ ಇನ್ನೊಂದು ಇರುವೆ ಟ್ರೈಕೋಮಿರ್ಮೆಕ್ಸ್ ಸ್ಕೇಬ್ರಿಸೆಪ್ಸ್‌ನ ತಲೆ ಒರಟು, ಹೆಸರಿನ ಅರ್ಥವೂ ಅದೇ. ಪಕ್ಕಾ ಹೆಸರು ಬೇಕಾದರೆ ಸೂಕ್ಷ್ಮದರ್ಶಕದ ಕೆಳಗೇ ಇಡಬೇಕು. ಫೋಟೊ ನೋಡಿ ನಾನು ಗುಂಪಿನ ಮಟ್ಟಿಗೆ ಹೇಳಬಲ್ಲೆ, ಅದಕ್ಕಿಂತ ಮುಂದೆ ಹೋಗಲ್ಲ.

ಈಚೆಗೆ ಹುಡುಗರು ಇನ್ನೊಂದು ತರ್ತಾರೆ. ಮೊಬೈಲಿನಲ್ಲಿ ಗಡ್ಡದ ಇರುವೆ ತೋರಿಸಿ, "ನಮ್ಮ ಹೊಲದಾಗೂ ಇದ ಐತ್ರಿ". ಪೊಗೊನೊಮಿರ್ಮೆಕ್ಸ್ ಅದು. ತಲೆಯ ಕೆಳಗಿನ ಆ ಉದ್ದ ಕೂದಲು ಮರಳು ಹೊರೋದಕ್ಕೆ. ಅದರ ಊರು ಅಮೆರಿಕ ಖಂಡಗಳು. ನಮ್ಮ ಎರೆ ಹೊಲದಲ್ಲಿ ಗೂಡಿನ ಬಾಯಿಗೆ ಹೊಟ್ಟಿನ ಉಂಗುರ ಕಂಡ ಮಾತ್ರಕ್ಕೆ ಅದೇ ಇರುವೆ ಆಗಲ್ಲ, ಅಲ್ವಾ?

ಬೆಂಕಿಪೊಟ್ಟಣದ ಹಿರಿಯರು ಮಸೂರಕ್ಕೆ ಕಣ್ಣಿಟ್ಟು "ಒಂದು, ಎರಡು" ಅಂತ ಜೋರಾಗಿ ಎಣಿಸಿದ್ದರು. ಮೊನ್ನೆ ಮೊಮ್ಮಗನ ಕೈಲಿ ಫೋಟೊ ತೆಗೆಸಿ ಕಳಿಸಿದ್ದಾರೆ. ಬಿಳಿ ಹಾಳೆ, ಇರುವೆ ಮಗ್ಗುಲಾಗಿದೆ, ಎರಡೂ ಗಂಟು ಸ್ಪಷ್ಟ. ಮೀಸೆಯ ತುದಿ ಮಾತ್ರ ಚೌಕಟ್ಟಿನ ಹೊರಗೆ ಹೋಗಿದೆ. ಇನ್ನೊಂದು ಕಳಿಸಿ ಅಂದಿದ್ದೇನೆ.